ಕನ್ನಂಬಾಡಿ ಕೆಳಗೆ ಪ್ಲಾಸ್ಟರ್ ಕೋಟೆ ಯಾರಿಗೆ ಬೇಕು?

ಕೃಷ್ಣರಾಜಸಾಗರದ ಬೃಂದಾವನಕ್ಕೆ ಯಾರ ದೃಷ್ಟಿ ತಾಕಿದೆಯೋ ಏನೋ, ವಿಧಾನಸೌಧದಲ್ಲಿ ಕುರ್ಚಿ ಬದಲಾದಾಗಲೆಲ್ಲ ಅದಕ್ಕೊಂದು ಹೊಸ ವೇಷ ಹಾಕುವ ಮಾತು ಏಳುತ್ತದೆ. 2018ರ ನವೆಂಬರ್‌ನಲ್ಲಿ ಆಗಿನ ಜಲಸಂಪನ್ಮೂಲ ಸಚಿವ ಡಿ.ಕೆ. ಶಿವಕುಮಾರ್ ಅವರು ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನ, 125 ಅಡಿಯ ಕಾವೇರಿ ಮಾತೆಯ ಪ್ರತಿಮೆ, ಗಾಜಿನ ಗೋಪುರ ಎಂದು ಪಟ್ಟಿ ಓದಿದರು. ಖರ್ಚು ಸುಮಾರು 1,200 ಕೋಟಿ ಎಂದರು. ಮರುವರ್ಷ ಸರ್ಕಾರ ಬಿತ್ತು, ಪಟ್ಟಿ ಬೀರು ಸೇರಿತು. 2024ರ ಜುಲೈನಲ್ಲಿ ಸಂಪುಟ ಸಭೆ ಮತ್ತೆ ಬೃಂದಾವನವನ್ನು 'ವಿಶ್ವದರ್ಜೆ'ಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಈ ಸಾರಿ ಅಂದಾಜು 2,663 ಕೋಟಿ, ಖಾಸಗಿಯವರ ಸಹಭಾಗಿತ್ವದಲ್ಲಿ. ಆರು ವರ್ಷದಲ್ಲಿ ಅಂದಾಜು ಎರಡು ಪಟ್ಟು ದಾಟಿತು. ಕಲ್ಪನೆ ಮಾತ್ರ ಇದ್ದಲ್ಲೇ ಇದೆ.

ಮಂಡ್ಯದ ರೈತ ಸಂಘಟನೆಗಳು 2018ರಲ್ಲೂ ಇದನ್ನು ವಿರೋಧಿಸಿದವು. 2025ರಲ್ಲಿ ಅಮ್ಯೂಸ್‌ಮೆಂಟ್ ಪಾರ್ಕೂ ಬೇಡ, ಕಾವೇರಿ ಆರತಿಯೂ ಬೇಡ ಎಂದು ಬೀದಿಗೂ ಇಳಿದವು. ರೈತರ ಪ್ರಶ್ನೆ ನೇರವಾದದ್ದು. ಕಟ್ಟೆ ಇರೋದು ಗದ್ದೆಗೆ ನೀರು ಹರಿಸೋಕೋ, ಜಾತ್ರೆ ನಡೆಸೋಕೋ? ಅಣೆಕಟ್ಟೆಯ ಭದ್ರತೆಯ ಮಾತೂ ಇದೆ. ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಕಲ್ಲು ಗಣಿಗಾರಿಕೆ ನಡೆಯಕೂಡದು ಅಂತ 2024ರ ಜನವರಿಯಲ್ಲಿ ಹೈಕೋರ್ಟೇ ಹೇಳಿತು. ಇವೆಲ್ಲ ದೊಡ್ಡ ಪ್ರಶ್ನೆಗಳೇ. ಕೋರ್ಟಿನ ಮೆಟ್ಟಿಲನ್ನೂ ಹತ್ತಿವೆ, ಪತ್ರಿಕೆಗಳ ಮುಖಪುಟಕ್ಕೂ ಬಂದಿವೆ.

ಆದರೆ ಈ ಗಲಾಟೆಯಲ್ಲಿ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಅಲ್ಲಿ ಎಬ್ಬಿಸುವ ಕಟ್ಟಡಗಳು ನೋಡೋಕೆ ಹೇಗಿರುತ್ತವೆ? ಯಾವ ಊರಿನ, ಯಾವ ಕಾಲದ ಶೈಲಿ? ಎಷ್ಟು ಎತ್ತರ? ಕಲ್ಲೋ, ಗಾಜೋ, ಬಣ್ಣ ಬಳಿದ ಪ್ಲಾಸ್ಟರೋ? ಇದೇನು ಸ್ವಾಮಿ, ನೀರಿಗೆ ಬಡಿದಾಡೋ ಹೊತ್ತಲ್ಲಿ ಗೋಡೆಯ ಅಂದಚಂದದ ಮಾತು ಅನ್ನಬಹುದು. ಹಾಗೆ ತಳ್ಳಿಹಾಕುವ ಮಾತಲ್ಲ ಇದು. ಮಂತ್ರಿಗಿರಿ ಐದು ವರ್ಷದ್ದು, ಗುತ್ತಿಗೆ ಮೂವತ್ತು ವರ್ಷದ್ದಿರಬಹುದು. ಕಟ್ಟಡ ಒಮ್ಮೆ ಎದ್ದು ನಿಂತರೆ ಮೂರು ತಲೆಮಾರಿನವರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಕೆಟ್ಟ ಸಿನಿಮಾ ಆದರೆ ಅರ್ಧಕ್ಕೆ ಎದ್ದು ಬರಬಹುದು. ಕೆಟ್ಟ ಕಟ್ಟಡದಿಂದ ಎದ್ದು ಎಲ್ಲಿಗೆ ಹೋಗೋದು?

ಹೆಸರು ಗೊತ್ತು, ಗುಟ್ಟು ಗೊತ್ತಿಲ್ಲ

ಡಿಸ್ನಿಲ್ಯಾಂಡ್ ಅಂದ ಕೂಡಲೇ ಅಧಿಕಾರಿಗಳ ಕಣ್ಮುಂದೆ ಬರೋದು ನೀಲಿ ಶಿಖರದ ಗುಲಾಬಿ ಕೋಟೆ. ಅದನ್ನೇ ನಾಲ್ಕು ಪಟ್ಟು ದೊಡ್ಡದಾಗಿ ಕಟ್ಟಿಬಿಟ್ಟರೆ ಡಿಸ್ನಿಲ್ಯಾಂಡ್ ಆಯಿತು ಅನ್ನೋದು ಲೆಕ್ಕ. ಆದರೆ ಡಿಸ್ನಿಲ್ಯಾಂಡ್ ಹೇಗೆ ಕಟ್ಟಿದ್ದಾರೆ ಅಂತ ಒಂದು ಗಳಿಗೆ ಕೂತು ನೋಡಿದರೆ ಆ ಲೆಕ್ಕ ತಲೆಕೆಳಗಾಗುತ್ತದೆ.

ಕ್ಯಾಲಿಫೋರ್ನಿಯಾದ ಆನಹೈಮ್ ಎಂಬ ಊರಿನಲ್ಲಿ, ಕಿತ್ತಳೆ ತೋಟಗಳಿದ್ದ ಜಾಗದಲ್ಲಿ, 1955ರ ಜುಲೈ 17ರಂದು ಅದರ ಬಾಗಿಲು ತೆರೆಯಿತು. ಕಟ್ಟಿಸಿದ ವಾಲ್ಟ್ ಡಿಸ್ನಿ ಕಾರ್ಟೂನ್ ಸಿನಿಮಾ ಮಾಡಿ ಹೆಸರು ಗಳಿಸಿದವನು. ನಕ್ಷೆ ಮಾಡಿದವರಲ್ಲಿ ಅನೇಕರು ಸಿನಿಮಾಕ್ಕೆ ಸೆಟ್ ಹಾಕಿ ಕೈ ಪಳಗಿದವರು. ಒಳಗೆ ಕಾಲಿಟ್ಟರೆ ಮೊದಲು ಸಿಗೋದು ಕೋಟೆಯಲ್ಲ, ಒಂದು ಪೇಟೆಬೀದಿ. ಹೆಸರು ಮೇನ್ ಸ್ಟ್ರೀಟ್. ವಾಲ್ಟ್ ಹುಡುಗನಾಗಿದ್ದಾಗ ಕೆಲವು ವರ್ಷ ಇದ್ದ ಮಿಸ್ಸೋರಿ ರಾಜ್ಯದ ಮಾರ್ಸಲೀನ್ ಎಂಬ ಸಣ್ಣ ಊರಿನ ನೆನಪು ಅದರಲ್ಲಿದೆ. ಅಂಗಡಿ ಸಾಲು, ಪುರಸಭೆ, ಕುದುರೆ ಗಾಡಿ. ಅಂದರೆ ಆ ಮನುಷ್ಯ ಕಲ್ಪನಾಲೋಕ ಕಟ್ಟಲು ಹೊರಟಾಗಲೂ ಶುರು ಮಾಡಿದ್ದು ತನ್ನೂರಿನ ಬೀದಿಯಿಂದ.

ಆ ಬೀದಿಯ ಕಟ್ಟಡಗಳಲ್ಲಿ ಒಂದು ಕೈಚಳಕ ಇದೆ. ನೆಲದ ಅಂತಸ್ತು ಹೆಚ್ಚು ಕಡಿಮೆ ಮಾಮೂಲಿ ಅಳತೆ. ಅದರ ಮೇಲಿನದು ಚಿಕ್ಕದು, ಅದರ ಮೇಲಿನದು ಇನ್ನೂ ಚಿಕ್ಕದು. ಕೆಳಗಿಂದ ನೋಡುವವರಿಗೆ ಕಟ್ಟಡ ಎತ್ತರವಾಗಿ ಕಾಣುತ್ತದೆ, ಆದರೆ ಮೈಮೇಲೆ ಬಿದ್ದ ಹಾಗೆ ಅನಿಸೋದಿಲ್ಲ. ಮಗುವಿಗೂ ಅದು ತನ್ನದೇ ಬೀದಿ ಅನಿಸುತ್ತದೆ. ಕೋಟೆಯದೂ ಇದೇ ಉಪಾಯ. ತಳದಲ್ಲಿ ದಪ್ಪ ಕಲ್ಲಿನ ವರಸೆ, ಮೇಲೆ ಹೋದಂತೆ ಸಣ್ಣದು. ಹಾಗಾಗಿ ಇದ್ದದ್ದಕ್ಕಿಂತ ಎತ್ತರ ಕಾಣುತ್ತದೆ. ನಿಜಕ್ಕೂ ಅದರ ಎತ್ತರ ಎಷ್ಟು ಗೊತ್ತೇನು? 77 ಅಡಿ. ಕನ್ನಂಬಾಡಿ ಕಟ್ಟೆಯ ಎತ್ತರ 130 ಅಡಿ. ತಂದು ಕಟ್ಟೆ ಪಕ್ಕ ನಿಲ್ಲಿಸಿದರೆ ಜಗತ್ತೆಲ್ಲ ಬಾಯಿ ಬಿಟ್ಟು ನೋಡುವ ಆ ಕೋಟೆ ಕಟ್ಟೆಯ ಎದೆಮಟ್ಟಕ್ಕೂ ಬರೋದಿಲ್ಲ.

ಅಂದಮೇಲೆ ಆನಹೈಮಿನ ಗುಟ್ಟು ಎತ್ತರದಲ್ಲಿಲ್ಲ, ಅಳತೆಯಲ್ಲಿದೆ. ಯಾವುದರ ಮುಂದೆ ಯಾವುದನ್ನ ಇಡಬೇಕು, ಎಲ್ಲಿ ನಿಂತು ನೋಡಿದರೆ ಏನು ಕಾಣಬೇಕು, ಏನು ಕಾಣಬಾರದು ಅನ್ನೋ ವಿವೇಕದಲ್ಲಿದೆ. ಇಲ್ಲಿಯವರು ಕಲಿಯೋದಾದರೆ ಅದನ್ನ ಕಲಿಯಬೇಕು. ಬಣ್ಣ ನೋಡಿ ಮರುಳಾಗೋದು ಹುಲಿ ನೋಡಿ ನರಿ ಬರೆ ಹಾಕ್ಕೊಂಡ ಹಾಗೆ.

ಡಿಸ್ನಿಯವರೇ ಡಿಸ್ನಿಯನ್ನ ನಕಲು ಮಾಡಲಿಲ್ಲ

ಇನ್ನೊಂದು ಸಂಗತಿ. ಆ ಕಂಪನಿಯವರು ಬೇರೆ ದೇಶಕ್ಕೆ ಹೋದಾಗ ಏನು ಮಾಡಿದರು? 1983ರಲ್ಲಿ ಜಪಾನಿನ ಟೋಕಿಯೋ ಹತ್ತಿರ ಪಾರ್ಕ್ ತೆರೆದರು. ಅಲ್ಲಿ ಮಳೆ ಜಾಸ್ತಿ. ಆದ್ದರಿಂದ ಪೇಟೆಬೀದಿಯ ನೆತ್ತಿಗೆ ಗಾಜಿನ ಚಾವಣಿ ಹಾಕಿದರು. ಬಿಸಿಲಿನ ಕ್ಯಾಲಿಫೋರ್ನಿಯಾಕ್ಕೆ ಬೇಕಾಗದಿದ್ದದ್ದು ಮಳೆಯ ಟೋಕಿಯೋಗೆ ಬೇಕಾಯಿತು. ಆ ಮಟ್ಟಿಗೆ ನೆಲದ ಗುಣ ನೋಡಿ ನಕ್ಷೆ ಬದಲಿಸಿದರು.

1992ರ ಏಪ್ರಿಲ್‌ನಲ್ಲಿ ಫ್ರಾನ್ಸಿನಲ್ಲಿ, ಪ್ಯಾರಿಸ್ ಹತ್ತಿರ ತೆರೆದದ್ದು ಇನ್ನೂ ಪಾಠದ ಕಥೆ. ಅಮೆರಿಕದವರು ಬಂದು ನಮ್ಮ ಸಂಸ್ಕೃತಿ ಹಾಳು ಮಾಡ್ತಾರೆ ಅಂತ ಅಲ್ಲಿನ ಬುದ್ಧಿಜೀವಿಗಳು ಬೊಬ್ಬೆ ಹಾಕಿದರು. 'ಸಾಂಸ್ಕೃತಿಕ ಚೆರ್ನೋಬಿಲ್' ಅನ್ನೋವರೆಗೂ ಮಾತು ಹೋಯಿತು. ಆದರೆ ನಕ್ಷೆ ಮಾಡುವವರಿಗೆ ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಫ್ರಾನ್ಸಿನಲ್ಲಿ ನಿಜವಾದ ಕೋಟೆ, ಅರಮನೆಗಳು ಊರೂರಲ್ಲೂ ಇವೆ. ಅಂಥ ಕಡೆ ಆನಹೈಮಿನ ಕೋಟೆಯನ್ನು ಹಾಗೇ ತಂದಿಟ್ಟರೆ ಜನ ನಗುತ್ತಾರೆ. ಆನಹೈಮಿನದಕ್ಕೆ ಮೂಲವೇ ಜರ್ಮನಿಯ ಬವೇರಿಯಾದಲ್ಲಿ 1869ರಲ್ಲಿ ಒಬ್ಬ ದೊರೆ ಕಟ್ಟಿಸಲು ಶುರು ಮಾಡಿದ ನಾಯ್‌ಶ್ವಾನ್‌ಸ್ಟೈನ್ ಕೋಟೆ. ನಿಜದ ಎದುರು ನಕಲು ಇಟ್ಟು ಗೆಲ್ಲೋಕೆ ಆಗುತ್ತಾ?

ಹಾಗಾಗಿ ಅವರು ಪ್ಯಾರಿಸ್ಸಿಗೆ ಬೇರೆಯೇ ಕೋಟೆ ಬರೆದರು. ಫ್ರಾನ್ಸಿನ ಸಮುದ್ರದಂಚಿನ ಮಾಂ ಸೇಂಟ್ ಮಿಷೆಲ್ ಬೆಟ್ಟದ ಮಠದ ಏರಿಕೆಯನ್ನೂ, ಹಳೆಯ ಹಸ್ತಪ್ರತಿಗಳ ಚಿತ್ರಗಳನ್ನೂ ನೋಡಿ, ಇದು ಯಾವ ನಿಜವಾದ ಕೋಟೆಯ ನಕಲೂ ಅಲ್ಲ, ಕಥೆಯ ಕೋಟೆ ಅಂತ ಕಾಣುವಂತೆ ಮಾಡಿದರು. ಚಳಿ ಮಳೆಗೆ ಅಂತ ಬೀದಿಯ ಎರಡೂ ಪಕ್ಕ ಅಂಗಡಿ ಹಿಂದೆ ಮುಚ್ಚಿದ ಮೊಗಸಾಲೆ ಕೊಟ್ಟರು. ಶುರುವಿನ ವರ್ಷಗಳಲ್ಲಿ ಕಂಪನಿಗೆ ಸಾಲ ನಷ್ಟ ಆದದ್ದು ಬೇರೆ ಮಾತು. ಕೋಟೆಯ ರೂಪದ ಬಗ್ಗೆ ಮಾತ್ರ ಬೈದವರು ಕಮ್ಮಿ. ಡಿಸ್ನಿಯವರೇ ಡಿಸ್ನಿಯ ಕೋಟೆಯನ್ನ ಇದ್ದಂತೆ ಫ್ರಾನ್ಸಿನ ನೆಲಕ್ಕೆ ಒಯ್ಯಲು ಹಿಂಜರಿದಿರುವಾಗ ಮಂಡ್ಯ ಜಿಲ್ಲೆಗೆ ಅದನ್ನ ಹೊತ್ತು ತರ್ತೀವಿ ಅನ್ನೋದು ಯಾವ ಬುದ್ಧಿವಂತಿಕೆ?

ಕಾರ್ ಸ್ಟ್ಯಾಂಡಿನಲ್ಲಿ ಕ್ಯಾಲಿಫೋರ್ನಿಯಾ

ಕನ್ನಂಬಾಡಿಗೆ ನೇರವಾಗಿ ತಾಗೋ ಪಾಠ ಮತ್ತೊಂದಿದೆ. ಅದು ಆನಹೈಮಿನಲ್ಲೇ ನಡೆದದ್ದು. ಡಿಸ್ನಿಲ್ಯಾಂಡಿನ ಎದುರು ಕಾರು ನಿಲ್ಲಿಸುತ್ತಿದ್ದ ಬಯಲಲ್ಲಿ 2001ರ ಫೆಬ್ರವರಿಯಲ್ಲಿ ಎರಡನೇ ಪಾರ್ಕ್ ತೆರೆದರು. ಹೆಸರು ಕ್ಯಾಲಿಫೋರ್ನಿಯಾ ಅಡ್ವೆಂಚರ್. ಕ್ಯಾಲಿಫೋರ್ನಿಯಾ ರಾಜ್ಯದ ಹೆಗ್ಗುರುತುಗಳನ್ನ ಗುಡ್ಡೆ ಹಾಕಿ ತೋರಿಸೋದು ಉದ್ದೇಶ. ಬಾಗಿಲಲ್ಲಿ ಆಳಿಗಿಂತ ದೊಡ್ಡ ಅಕ್ಷರಗಳಲ್ಲಿ ರಾಜ್ಯದ ಹೆಸರು, ತಲೆ ಮೇಲೆ ಗೋಲ್ಡನ್ ಗೇಟ್ ಸೇತುವೆಯ ಗಿಡ್ಡ ನಕಲು, ಸಮುದ್ರ ದಂಡೆಯ ಜಾತ್ರೆಯ ನಕಲು, ಹಾಲಿವುಡ್ ಬೀದಿಯ ನಕಲು.

ಏನಾಯಿತು? ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಬಂದವರೂ ಗೊಣಗಿದರು. ಕಾರಣ ಹುಡುಕೋಕೆ ಪಂಡಿತರು ಬೇಕಿಲ್ಲ. ನಿಜವಾದ ಕ್ಯಾಲಿಫೋರ್ನಿಯಾ ಬಾಗಿಲಾಚೆ ಪುಕ್ಕಟೆ ಬಿದ್ದಿರುವಾಗ ಟಿಕೆಟ್ ಕೊಟ್ಟು ಅದರ ಅಗ್ಗದ ನಕಲು ನೋಡೋ ಹಣೆಬರಹ ಯಾರಿಗೆ? ಕಟ್ಟಡಗಳು ಗೋದಾಮಿಗೆ ಚಿತ್ರಪಟ ಅಂಟಿಸಿದ ಹಾಗಿದ್ದವು ಅಂತ ನೋಡಿದವರೇ ದೂರಿದರು.

ಕೊನೆಗೆ 2007ರಲ್ಲಿ ಕಂಪನಿ ತಪ್ಪು ತಿದ್ದಲು ಕೂತಿತು. ಸುಮಾರು 110 ಕೋಟಿ ಡಾಲರ್ ಸುರಿದು ಪಾರ್ಕಿನ ಮುಖವನ್ನೇ ಬದಲಾಯಿಸುವ ಯೋಜನೆ ಹೇಳಿತು. ಮೊದಲು ಕಟ್ಟಿದ್ದಕ್ಕಿಂತ ದುರಸ್ತಿಗೆ ಹೆಚ್ಚು ದುಡ್ಡು. 2012ರ ಜೂನ್ 15ರಂದು ಹೊಸ ಮುಖದಲ್ಲಿ ಬಾಗಿಲು ತೆರೆದಾಗ ದೊಡ್ಡ ಅಕ್ಷರಗಳೂ ಇರಲಿಲ್ಲ, ಆ ಗಿಡ್ಡ ಸೇತುವೆಯ ವೇಷವೂ ಇರಲಿಲ್ಲ. ಅದರ ಬದಲು 1920ರ ದಶಕದ ಲಾಸ್ ಏಂಜಲಿಸ್ ನಗರದ ಒಂದು ಬೀದಿ. ಬಾಗಿಲ ರೂಪ ಎಲ್ಲಿಂದ ಬಂತು? 1989ರಲ್ಲಿ ಸುಟ್ಟುಹೋದ ಪ್ಯಾನ್ ಪೆಸಿಫಿಕ್ ಸಭಾಂಗಣದಿಂದ. ಬೀದಿಯ ತುದಿಯಲ್ಲಿ ನಿಂತದ್ದು ಕಾರ್ಥೇ ಸರ್ಕಲ್ ಚಿತ್ರಮಂದಿರದ ರೂಪ. ಡಿಸ್ನಿಯ 'ಸ್ನೋ ವೈಟ್' ಚಿತ್ರ 1937ರಲ್ಲಿ ಮೊದಲು ತೆರೆ ಕಂಡದ್ದು ಅಲ್ಲೇ. 1969ರಲ್ಲಿ ಆ ಚಿತ್ರಮಂದಿರವನ್ನ ಕೆಡವಿದ್ದರು.

ಗಮನಿಸಿ. ಸೋತಾಗ ಅವರು ಹೊರಗಿನ ದೊಡ್ಡ ಬೊಂಬೆ ತರಲಿಲ್ಲ. ತಮ್ಮೂರಿನವರೇ ಕೆಡವಿದ, ಸುಟ್ಟುಕೊಂಡ, ಮರೆತ ಕಟ್ಟಡಗಳನ್ನ ನೆನಪಿನಿಂದ ಅಗೆದು ತೆಗೆದರು. ಜನ ತಿರುಗಿ ಬಂದರು. ಹೊಸ ಆಟಗಳೂ ಇದ್ದವು ನಿಜ, ಅದೊಂದೇ ಕಾರಣ ಅಲ್ಲ. ಒಳಗೆ ಬಂದವರಿಗೆ ಇದೊಂದು ಊರು ಅನಿಸಬೇಕು, ಅಂಗಡಿ ಅನಿಸಬಾರದು. ಹನ್ನೊಂದು ವರ್ಷ, ಕೋಟಿಗಟ್ಟಲೆ ಡಾಲರ್ ಕಳೆದ ಮೇಲೆ ಕಂಪನಿ ಕಲಿತ ಪಾಠ ಇದು. ಇಲ್ಲಿಯವರಿಗೆ ಪುಕ್ಕಟೆ ಸಿಗ್ತಾ ಇದೆ.

ಮಿರ್ಜಾ ತಂದದ್ದು ಏನು?

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಬೃಂದಾವನವೇ ನಕಲಲ್ಲವೇ ಸ್ವಾಮಿ? ಕಾಶ್ಮೀರದ ಶಾಲಿಮಾರ್ ತೋಟ ನೋಡಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಮಾಡಿಸಿದ್ದಲ್ಲವೇ? ಹೌದು, ನಿಜ. 1927ರಲ್ಲಿ ಕೆಲಸ ಶುರುವಾಗಿ 1932ಕ್ಕೆ ಮುಗಿದ ಈ 60 ಎಕರೆ ತೋಟಕ್ಕೆ ಆಗ ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್ ಎಂದು ಹೆಸರು. ಗಿಡ ಮರದ ಯೋಜನೆ ಲಾಲ್‌ಬಾಗಿನ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರದು. ಮೊಗಲರ ಮಾದರಿ, ಜರ್ಮನಿಯವನ ಕೈ, ಪರ್ಷಿಯಾ ಮೂಲದ ಮನೆತನದ ದಿವಾನರು, ಮೈಸೂರಿನ ನಾಲ್ವಡಿಯವರ ದೊರೆತನ. ಹೊರಗಿಂದ ಬಂದದ್ದೆಲ್ಲ ಕೆಟ್ಟದ್ದು ಅಂತ ವಾದ ಮಾಡೋರಿಗೆ ಬೃಂದಾವನವೇ ಉತ್ತರ.

ಆದರೆ ಮಿರ್ಜಾ ತಂದದ್ದು ಏನು ಅಂತ ನೋಡಬೇಕು. ಶಾಲಿಮಾರ್ ತೋಟವನ್ನ ಜಹಾಂಗೀರ್ 1619ರಲ್ಲಿ ಹಾಕಿಸಿದ್ದು ಬೆಟ್ಟದ ಬುಡದಲ್ಲಿ. ಮೇಲಿಂದ ಇಳಿಯುವ ನೀರನ್ನ ನಡುವಿನ ಕಾಲುವೆಗೆ ತಿರುಗಿಸಿ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಸಿ, ಎರಡೂ ಕಡೆ ನೆರಳು ಹೂವು ಮಾಡಿದರು. ಕನ್ನಂಬಾಡಿಯಲ್ಲೂ ಇದ್ದದ್ದು ಅದೇ. ಬೆಟ್ಟದ ಬದಲು ಕಟ್ಟೆ. ಮೇಲೆ ನೀರು, ಕೆಳಗೆ ಇಳಿಜಾರು. ಮಿರ್ಜಾ ತಂದದ್ದು ಶಾಲಿಮಾರಿನ ಮಂಟಪಗಳನ್ನಲ್ಲ, ನೀರು ಇಳಿಸುವ ಬುದ್ಧಿಯನ್ನ. ಆ ಬುದ್ಧಿ ಈ ಜಾಗಕ್ಕೆ ಹೊಂದಿತು. ಇಲ್ಲಿಯ ನೀರು, ಇಲ್ಲಿಯ ಇಳಿಜಾರು, ಇಲ್ಲಿಯ ಕಲ್ಲು. ಅದಕ್ಕೇ ತೊಂಬತ್ತು ವರ್ಷ ದಾಟಿದರೂ ಅದು ಕಾಶ್ಮೀರದ ನಕಲು ಅಂತ ಯಾರಿಗೂ ಅನಿಸೋದಿಲ್ಲ. ಅದು ಕನ್ನಂಬಾಡಿಯದೇ ಆಗಿಬಿಟ್ಟಿದೆ.

ಇನ್ನೊಂದು ಜಾಣತನ ಇದೆ. ತೋಟದಲ್ಲಿ ಯಾವುದೂ ತಲೆ ಎತ್ತಿ ನಿಲ್ಲೋದಿಲ್ಲ. ಕಾರಂಜಿ, ಕಾಲುವೆ, ಕತ್ತರಿಸಿದ ಗಿಡ, ಸಣ್ಣ ಮಂಟಪ, ಎಲ್ಲವೂ ತಗ್ಗು. ಹಿಂದೆ ಸುಮಾರು 8,600 ಅಡಿ ಉದ್ದದ, ಅಂದರೆ ಒಂದೂವರೆ ಮೈಲಿಗೂ ಮಿಕ್ಕಿದ ಕಲ್ಲಿನ ಕಟ್ಟೆ ಗೆರೆ ಎಳೆದ ಹಾಗೆ ಮಲಗಿದೆ. ಸಂಜೆ ದೀಪ ಹತ್ತಿದಾಗ ಕಣ್ಣು ಮೊದಲು ನೀರಿಗೆ, ಆಮೇಲೆ ಆ ಗೆರೆಗೆ ಹೋಗುತ್ತದೆ. ವಿಶ್ವೇಶ್ವರಯ್ಯನವರು ಚೀಫ್ ಎಂಜಿನಿಯರ್ ಆಗಿದ್ದಾಗ 1911ರಲ್ಲಿ ಕೆಲಸ ಶುರುವಾದ, ಸಿಮೆಂಟಿನ ಬದಲು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಎದ್ದ ಕಟ್ಟೆ ಅದು. ಅದೇ ಅಲ್ಲಿಯ ಕೋಟೆ. ಅದರ ಮುಂದೆ ಇನ್ನೊಂದು ಕೋಟೆ ಕಟ್ಟೋದು ಅಂದರೆ ಗರ್ಭಗುಡಿಗೆ ಅಡ್ಡ ಫ್ಲೆಕ್ಸ್ ಕಟ್ಟಿದ ಹಾಗೆ.

125 ಅಡಿಯ ಪ್ರತಿಮೆಯ ಮಾತನ್ನೇ ತೆಗೆದುಕೊಳ್ಳಿ. ಕಟ್ಟೆ ತುಂಬಿತು ಅಂತ ರೈತರು ಹೇಳೋದು ಮಟ್ಟ 124.80 ಅಡಿ ಮುಟ್ಟಿದಾಗ. ಆ ಅಂಕಿ ಮಂಡ್ಯ ಜಿಲ್ಲೆಯ ಮಗುವಿಗೂ ಗೊತ್ತು. ಕಾವೇರಿಯ ನಿಜವಾದ ಎತ್ತರ ಅದೇ. ಜನ ಮಳೆಗಾಲದಲ್ಲಿ ದಿನಾ ಪತ್ರಿಕೆ ತೆಗೆದು ಮೊದಲು ನೋಡೋದು ಆ ಎತ್ತರವನ್ನ. ತಾಯಿ ತಾನೇ ಕಟ್ಟೆಯ ತುಂಬ ನಿಂತಿರುವಾಗ ಪಕ್ಕದಲ್ಲಿ ಕಾಂಕ್ರೀಟಿನ ತಾಯಿಯನ್ನ ನಿಲ್ಲಿಸಿ ಯಾರಿಗೆ ತೋರಿಸಬೇಕು?

ಇದ್ದದ್ದು ಬೀಳಲಿ, ಇಲ್ಲದ್ದು ಏಳಲಿ

ಹಳೇ ಕಾಲದ ಕೋಟೆ, ಅರಮನೆ, ಕಮಾನು ಅಂತ ಹೊಸದಾಗಿ ಕಟ್ಟಲು ಕೋಟಿ ಲೆಕ್ಕ ಹೇಳುವ ಆಡಳಿತ ನಿಜವಾದ ಹಳೇ ಕಟ್ಟಡಗಳನ್ನ ಹೇಗೆ ನೋಡಿಕೊಂಡಿದೆ? ಹನ್ನೆರಡು ಮೈಲಿ ದೂರದ ಮೈಸೂರಿಗೆ ಬಂದು ನೋಡಿದರೆ ಸಾಕು. 1892ರ ಲ್ಯಾನ್ಸ್‌ಡೌನ್ ಕಟ್ಟಡ 2012ರ ಆಗಸ್ಟ್‌ನಲ್ಲಿ ಒಂದು ಕಡೆ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲ ಕಡೆಯ ಭಾಗ ಬಿತ್ತು. ಆಮೇಲೆ ಏನು? ಉಳಿಸಬೇಕೋ ಕೆಡವಬೇಕೋ ಅಂತ ಸಮಿತಿ ಮೇಲೆ ಸಮಿತಿ, ಕೋರ್ಟು ಕಚೇರಿ. ವರ್ಷಗಳು ಅದರಲ್ಲೇ ಕಳೆದವು.

ಆ ಕಟ್ಟಡಗಳಲ್ಲಿ ಕಮಾನಿದೆ, ಕಂಬಸಾಲಿದೆ, ನೆರಳಿದೆ. ಸಿನಿಮಾದವರು ಲಕ್ಷ ಸುರಿದು ಹಾಕಿಸೋ ಸೆಟ್ಟು ಅಲ್ಲಿ ಅಸಲಿಯಾಗಿ ನಿಂತಿದೆ. ಹೂವಿನವರು, ವೀಳ್ಯದೆಲೆಯವರು, ಬಾಳೆಹಣ್ಣಿನವರು ಅದರೊಳಗೆ ತಲೆಮಾರುಗಟ್ಟಲೆ ಬದುಕಿದ್ದಾರೆ. ವಿದೇಶದಿಂದ ಬಂದವರು ಕ್ಯಾಮೆರಾ ಹಿಡಿದು ತಿರುಗಾಡೋದು ಅಂಥ ಕಡೆಯಲ್ಲೇ. ಲಾಸ್ ಏಂಜಲಿಸ್‌ನವರು ಕಾರ್ಥೇ ಚಿತ್ರಮಂದಿರ ಕೆಡವಿ ನಲವತ್ತು ವರ್ಷ ಆದ ಮೇಲೆ ಅದರ ನಕಲಿಗೆ ದುಡ್ಡು ಕೊಟ್ಟರು. ಮೈಸೂರಿನಲ್ಲಿ ಅಸಲಿ ಇನ್ನೂ ಅರ್ಧ ನಿಂತಿರುವಾಗಲೇ ನಕಲಿಗೆ ಟೆಂಡರ್ ಮಾತು. ಅಂಗೈಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಅಂತಾರಲ್ಲ, ಅದು ಇದೇ.

ದುಡ್ಡಿನ ಮಾತೂ ಕಟ್ಟಡದ ಮಾತೇ. ಆನಹೈಮಿನಲ್ಲಿ ಒಬ್ಬರಿಗೆ ಒಂದು ದಿನದ ಟಿಕೆಟ್ 100 ಡಾಲರ್ ದಾಟಿ ವರ್ಷಗಳಾದವು. ಇಲ್ಲಿಯ ಲೆಕ್ಕಕ್ಕೆ ಎಂಟು ಸಾವಿರಕ್ಕೂ ಮಿಕ್ಕಿ. ಖಾಸಗಿಯವರು 2,663 ಕೋಟಿಯಲ್ಲಿ ಪಾಲು ಹಾಕಿದರೆ ಅದನ್ನ ವಾಪಸ್ಸು ಪಡೆಯದೆ ಬಿಡ್ತಾರಾ? ದೊಡ್ಡ ಕಟ್ಟಡ ಅಂದರೆ ದೊಡ್ಡ ಖರ್ಚು, ದೊಡ್ಡ ಖರ್ಚು ಅಂದರೆ ದೊಡ್ಡ ಟಿಕೆಟ್ಟು. ಇವತ್ತು ಬೃಂದಾವನಕ್ಕೆ ಬರೋರು ಯಾರು? ಬಸ್ಸಿನಲ್ಲಿ ಬರೋ ಶಾಲೆ ಮಕ್ಕಳು, ಮದುವೆಯಾದ ಹೊಸತರಲ್ಲಿ ಬರೋ ಹಳ್ಳಿ ಜೋಡಿಗಳು, ಬುತ್ತಿ ಕಟ್ಟಿಕೊಂಡು ಬರೋ ಸಂಸಾರಗಳು. ಕಟ್ಟಡದ ಎತ್ತರ ಏರಿದಷ್ಟೂ ಇವರೆಲ್ಲ ಗೇಟಿನಾಚೆ ಉಳೀತಾರೆ. ಗೇಟಿನ ಶೈಲಿ ಮೊಗಲರದೋ ಹೊಯ್ಸಳರದೋ ಅನ್ನೋದು ಆಮೇಲಿನ ಮಾತು. ಆ ಗೇಟು ಯಾರಿಗೆ ತೆರೆಯುತ್ತೆ ಅನ್ನೋದು ಮೊದಲಿನ ಮಾತು.

ಹಾಗಾದರೆ ಏನೂ ಬೇಡವೇ?

ಬೇಡ ಅಂತ ಯಾರೂ ಹೇಳ್ತಾ ಇಲ್ಲ. ಬೃಂದಾವನ ಹೇಗಿದೆಯೋ ಹಾಗೇ ಇರಲಿ, ಧೂಳೂ ಹೊಡೆಯಬೇಡಿ ಅನ್ನೋದೂ ಮೂರ್ಖತನ. ಟಿಕೆಟ್ ಕೊಡುವ ಕೋಣೆ, ಶೌಚಾಲಯ, ಬಸ್ ನಿಲ್ದಾಣ, ತಿಂಡಿ ಅಂಗಡಿ ಸಾಲು, ಮಳೆ ಬಂದರೆ ನಿಲ್ಲುವ ಜಾಗ, ಇವೂ ಕಟ್ಟಡಗಳೇ. ಬಂದವರ ಕಾಲು ಮೊದಲು ತಾಕೋದು ಇವಕ್ಕೆ. ಮೇನ್ ಸ್ಟ್ರೀಟಿನ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ ಸೀಮೆಯ ಹಳೇ ಪೇಟೆಬೀದಿಯ ಹಾಗೆ ಜಗಲಿ, ಮರದ ಕಂಬ, ಹೆಂಚಿನ ಮಾಡು ಹಾಕಿ ಅಂಗಡಿ ಸಾಲು ಕಟ್ಟಿದರೆ ಬಿಸಿಲಿಗೂ ತಂಪು, ಮಳೆಗೂ ಆಸರೆ, ಕಣ್ಣಿಗೂ ಹಿತ. ಟಿಪ್ಪು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್ ನೋಡಿ. ಸುಲ್ತಾನನ ಬೇಸಿಗೆ ಅರಮನೆ. ಆದರೂ ತೋಟದ ನಡುವೆ ತಗ್ಗಾಗಿ, ಸುತ್ತ ಮೊಗಸಾಲೆ ಹೊದ್ದು ಕೂತಿದೆ. ತೋಟಕ್ಕೆ ಕಟ್ಟಡ ಹೇಗೆ ಮರ್ಯಾದೆ ಕೊಡಬೇಕು ಅನ್ನೋದಕ್ಕೆ ಅದಕ್ಕಿಂತ ಹತ್ತಿರದ ಪಾಠಶಾಲೆ ಬೇಕಾ?

ಕಥೆ ಬೇಕು ಅಂತೀರಾ? ಕಥೆಗೆ ಮಿಕ್ಕಿ ಮೌಸ್ ಬರಬೇಕಿಲ್ಲ. ನೀರಿನಡಿಯಲ್ಲಿ ಕನ್ನಂಬಾಡಿ ಎಂಬ ಊರೇ ಇದೆ. ಅಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ದಶಕಗಳ ಕಾಲ ಮುಳುಗಿದ್ದು, ನೀರು ತೀರಾ ಇಳಿದಾಗ ತಲೆ ಎತ್ತುತ್ತಿತ್ತು. ಅದರ ಕಲ್ಲುಗಳನ್ನ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಇದೇ ಜಾಗದಲ್ಲಿ ಕಟ್ಟೆ ಕಟ್ಟುವ ಟಿಪ್ಪುವಿನ ಆಸೆಯನ್ನ ಹೇಳುವ 1794ರ ಪಾರ್ಸಿ ಶಾಸನ ಇದೆ. ಊರು ಬಿಟ್ಟು ಎದ್ದುಹೋದ ಸಂಸಾರಗಳ ನೆನಪಿದೆ. ಭದ್ರತೆ ಕಾರಣಕ್ಕೆ ಕಟ್ಟೆ ಮೇಲೆ ಜನ ಓಡಾಡುವ ಹಾಗಿಲ್ಲ. ಹಾಗಿರುವಾಗ ಕೆಳಗೆ ಒಂದು ತಗ್ಗಿನ ಕಲ್ಲು ಕಟ್ಟಡದಲ್ಲಿ ಸುರ್ಕಿ ಅರೆದದ್ದು ಹೇಗೆ, ಗೇಟು ಏಳೋದು ಹೇಗೆ, ವಿಶ್ವೇಶ್ವರಯ್ಯ ನಾಲೆಯ ನೀರು ಯಾವ ಗದ್ದೆ ಮುಟ್ಟುತ್ತೆ ಅಂತ ಮಕ್ಕಳಿಗೆ ತೋರಿಸಿದರೆ ಅದಕ್ಕಿಂತ ದೊಡ್ಡ ಥೀಮ್ ಪಾರ್ಕ್ ಯಾವುದು? ಆ ಥೀಮು ಜಗತ್ತಿನ ಬೇರೆಲ್ಲೂ ಇಲ್ಲ.

ರಾಟೆ, ನೀರಾಟ, ಜಾರುಬಂಡೆ ಬೇಕೇ ಬೇಕು ಅನ್ನೋರಿಗೆ ಮೈಸೂರಿಂದ ಕೆಆರ್‌ಎಸ್‌ಗೆ ಹೋಗೋ ದಾರಿಯಲ್ಲೇ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಇನ್ನೂ ಬೇಕಾದರೆ ಕಟ್ಟೆಯಿಂದ ದೂರ, ಗದ್ದೆಯಲ್ಲದ ಜಾಗ ಹುಡುಕಲಿ. ಅಲ್ಲಿ ಎಷ್ಟು ಬಣ್ಣದ ಕೋಟೆ ಕಟ್ಟಿದರೂ ಯಾರ ತಕರಾರೂ ಇರಲಿಕ್ಕಿಲ್ಲ. ಕಟ್ಟೆಯ ಮುಖಕ್ಕೆ ಮಾತ್ರ ಬೇಡ.

ನಕ್ಷೆ ಎಲ್ಲಿದೆ?

ಸರ್ಕಾರ ಕೋಟಿಗಳ ಅಂದಾಜು ಹೇಳಿತು. ಎಕರೆಗಳ ಲೆಕ್ಕ ಹೇಳಿತು. ಆದರೆ ಇದರಲ್ಲಿ ಪಾಲು ಇರುವ ಜನಕ್ಕೆ ಬೇಕಾದದ್ದು ಕಣ್ಣಿಗೆ ಕಾಣೋ ನಕ್ಷೆ. ಟೆಂಡರಿಗೆ ಮುಂಚೆ ಕಟ್ಟಡಗಳ ಚಿತ್ರವನ್ನ, ಮರದಲ್ಲೋ ರಟ್ಟಿನಲ್ಲೋ ಮಾಡಿದ ಮಾದರಿಯನ್ನ ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ, ಮೈಸೂರುಗಳಲ್ಲಿ ಒಂದೊಂದು ತಿಂಗಳು ಜನರ ಮುಂದೆ ಇಡಲಿ. ವಿವರಣೆ ಕನ್ನಡದಲ್ಲಿರಲಿ. ಪ್ರತಿ ಕಟ್ಟಡದ ಪಕ್ಕ ಅದರ ಎತ್ತರ, ಅದರ ಹಿಂದೆ ಕಟ್ಟೆಯ ಎತ್ತರ ಬರೆದಿರಲಿ. ಅಡಿಪಾಯ ಎಷ್ಟು ಆಳ, ಅದರಿಂದ ಕಟ್ಟೆಗೆ ಏನು, ಅಣೆಕಟ್ಟೆ ಸುರಕ್ಷತೆ ನೋಡುವ ತಜ್ಞರು ಏನಂದರು ಅನ್ನೋದನ್ನೂ ಅಲ್ಲೇ ತೂಗುಹಾಕಲಿ. ಟಿಕೆಟ್ ಎಷ್ಟಾಗುತ್ತೆ ಅಂತಲೂ ಬರೆಯಲಿ. ಕಬ್ಬು ಬೆಳೆಯೋ ಕೈಗೂ, ಕಾಲೇಜಿನ ಹುಡುಗಿಗೂ, ತೋಟದ ಮಾಲಿಗೂ ನೋಡಿ ಮಾತಾಡೋ ಹಕ್ಕಿದೆ.

ಕನಿಷ್ಠ ಒಂದು ಕಟ್ಟಳೆಯನ್ನಾದರೂ ಇವತ್ತೇ ಕಾಗದದ ಮೇಲೆ ಹಾಕಬಹುದು. ಕಟ್ಟೆಯ ನೆತ್ತಿಯನ್ನ ಮೀರಿದ ಯಾವ ಕಟ್ಟಡವೂ ಅದರ ಕೆಳಗೆ ಏಳಕೂಡದು. ತೋಟದಲ್ಲಿ ಎಲ್ಲೇ ನಿಂತರೂ ಕಟ್ಟೆಯ ಗೆರೆ ಕಾಣಬೇಕು. ಇದಕ್ಕೆ ಕೋಟಿ ಬೇಡ, ಖಾಸಗಿಯವರ ಸಹಭಾಗಿತ್ವ ಬೇಡ, ವಿದೇಶ ಪ್ರವಾಸ ಬೇಡ. ಒಂದು ಸಾಲಿನ ಆದೇಶ ಸಾಕು.

ಕಟ್ಟೆ ಕಟ್ಟಿದವರು, ತೋಟ ಹಾಕಿದವರು ಇಬ್ಬರೂ ಜಾಗ ನೋಡಿ ಕೆಲಸ ಮಾಡಿದರು, ಕ್ಯಾಟಲಾಗು ನೋಡಿ ಅಲ್ಲ. ಈಗ ತಿದ್ದೋಕೆ ಹೊರಟವರು ಮೊದಲು ಒಂದು ಸಂಜೆ ಟಿಕೆಟ್ ತಗೊಂಡು, ಕಾರಂಜಿ ಪಕ್ಕದ ಕಲ್ಲಿನ ಮೇಲೆ ಸುಮ್ಮನೆ ಕೂತು, ಕಟ್ಟೆ ಕಡೆ ನೋಡಲಿ. ಅದಾದ ಮೇಲೂ ಅಲ್ಲಿ ಪ್ಲಾಸ್ಟರ್ ಕೋಟೆ ಬೇಕು ಅನಿಸಿದರೆ ಹಾಗಂತ ಮಂಡ್ಯಕ್ಕೆ ಬಂದು, ಮೈಕು ಹಿಡಿದು ಹೇಳಲಿ. ಉತ್ತರ ಅಲ್ಲೇ ಸಿಗುತ್ತೆ.